ಚಲೋ ಕಾಲಿಗೆ ಕಟ್ಟಿದ ಪಟ್ಟಿ

ತಾಲೀಮಿನಲ್ಲಿ ಕುಸ್ತಿ ಹಿಡಿಯುವಾಗ ನನ್ನ ಬಲ ಮೊಣಕಾಲು ತಿರುಚಿತು. ಬಾವು ಬೇಗ ಇಳಿಯಿತು, ಕುಂಟದೆ ಓಡಾಡತೊಡಗಿದೆ. ಆದರೆ ಮಿರಜದ ಡಾಕ್ಟರು ಎಂಆರ್‌ಐ ಫಿಲ್ಮನ್ನು ಬೆಳಕಿಗೆ ಹಿಡಿದು, ಲಿಗಮೆಂಟು ಅರ್ಧ ಹರಿದಿದೆ, ಇನ್ನೊಮ್ಮೆ ತಿರುಚಿದರೆ ಕುಸ್ತಿಯನ್ನು ಮರೆತುಬಿಡು ಎಂದು ಮರಾಠಿಯಲ್ಲಿ ಖಡಾಖಂಡಿತವಾಗಿ ಹೇಳಿದರು. ನಾನು ತಲೆಯಾಡಿಸಿ ಬಂದೆ. ತಲೆಯಾಡಿಸುವುದರಲ್ಲಿ ನಾನು ಮೊದಲಿನಿಂದಲೂ ಜಾಣೆ. ಮುಂದಿನ ವಾರವೇ ಸಾಂಗಲಿಯಲ್ಲಿ ಜಿಲ್ಲಾ ತಂಡದ ಆಯ್ಕೆ. ಅದನ್ನು ಬಿಡುವ ಮನಸ್ಸು ನನಗೂ ಇರಲಿಲ್ಲ, ಕುಸ್ತಿ ಕಲಿಸುವ ವಸ್ತಾದರಿಗೂ ಇರಲಿಲ್ಲ.

"ಕಾಲು ಹೆಂಗೈತಿ?" ಎಂದು ಅವರು ಕೇಳಿದರು.

"ಎಡಗಾಲು ಆರಾಮ ಐತ್ರಿ, ಕಾಕಾ."

"ಹಂಗಾರ ಪಟ್ಟಿ ಎಡಗಾಲಿಗಿ ಕಟ್ಟು."

ನಮ್ಮ ತಾಲೀಮಿನ ಪದ್ಧತಿಯೇ ಅದು. ಎದುರಾಳಿ ಪಟ್ಟಿ ನೋಡಿ ಆ ಕಾಲಿಗೇ ಕೈ ಹಾಕಬೇಕು, ನೋವಿನ ಕಾಲು ಉಳಿಯಬೇಕು.

ನನ್ನ ಎದುರಾಳಿ ಬೇಡಗ ಎಂಬ ಹಳ್ಳಿಯ ಹುಡುಗಿ, ನನಗಿಂತ ಚಿಕ್ಕವಳು. ತೂಕಕ್ಕೆ ನಿಂತಾಗ ನನ್ನ ಎಡಗಾಲು ನೋಡಿ, "ಅಕ್ಕಾ, ಏನಾಗೇತ್ರಿ?" ಎಂದಳು.

"ಉಳುಕೇತವಾ," ಎಂದೆ.

ಪಂಚರು ಸೀಟಿ ಊದಿದರು. ಬೇಕೆಂದೇ ಎಡಗಾಲು ಮುಂದಿಟ್ಟೆ. ಅವಳು ಬಗ್ಗಿದಳು, ಕೈ ಪಟ್ಟಿಯ ಹತ್ತಿರ ಬಂತು, ಹಿಂದೆ ಸರಿಯಿತು. ಮತ್ತೆ ಮುಂದಿಟ್ಟೆ. ಮತ್ತೆ ಕೈ ಹಿಂದೆ ತೆಗೆದಳು. ಇವಳಿಗೆ ಕುಸ್ತಿ ಯಾರು ಕಲಿಸಿದರೋ ಎಂದು ಸಿಟ್ಟು ಬಂತು, ಸಿಟ್ಟಿನ ಜೊತೆಗೆ ಹೆದರಿಕೆಯೂ ಬಂತು. ಬಲಗಾಲನ್ನು ಆದಷ್ಟು ಹಿಂದೆ ಇಟ್ಟುಕೊಂಡು ಸುತ್ತುತ್ತಿದ್ದೆ. ಅವಳು ಒಮ್ಮೆಲೇ ನುಗ್ಗಿ ಅದನ್ನೇ ಅಪ್ಪಿ ಹಿಡಿದಳು. ನಾನು ಬಿಡಿಸಿಕೊಳ್ಳಲು ತಿರುಗಿದೆ. ಮೈ ತಿರುಗಿತು, ಪಾದ ಮ್ಯಾಟಿನ ಮೇಲೇ ಉಳಿಯಿತು. ನಾನು ಕಿರುಚಿದ್ದು ಸಭಾಂಗಣದ ಹೊರಗೂ ಕೇಳಿಸಿತಂತೆ.

ಆಪರೇಷನ್ ಮುಗಿದ ಮೇಲೆ ಅವಳು ತಮ್ಮ ತೋಟದ ದ್ರಾಕ್ಷಿ ಹಿಡಿದು ಮಿರಜದ ಆಸ್ಪತ್ರೆಗೆ ಬಂದಳು. ವಸ್ತಾದರು ನನ್ನ ಮಂಚದ ಪಕ್ಕದಲ್ಲೇ ಕುಳಿತಿದ್ದರು. ಅವಳು ಕೂರಲಿಲ್ಲ. ಬಲಗಾಲಿನ ಬ್ಯಾಂಡೇಜನ್ನೇ ನೋಡುತ್ತ ನಿಂತಳು.

"ಅಕ್ಕಾ, ನೀವು ಪಟ್ಟಿ ಕಟ್ಟಿದ ಕಾಲು ನಾ ಮುಟ್ಟಲೇ ಇಲ್ರಿ. ನಿಮಗ ನೋವಾಗ್ತೈತಿ ಅಂತ ಚಲೋ ಕಾಲು ಹಿಡದೆ. ಇದು ಹೆಂಗಾತ್ರಿ?"

ವಸ್ತಾದರು ಕಿಟಕಿಯ ಕಡೆ ಮುಖ ತಿರುಗಿಸಿದರು. ನನಗೆ ಅಳು ತಡೆಯಲಾಗಲಿಲ್ಲ. ಕಾಲು ನೋಯುತ್ತಿದೆ ಎಂದುಕೊಂಡು ಆ ಹುಡುಗಿ ನರ್ಸನ್ನು ಕರೆಯಲು ಓಡಿದಳು.