ಓನರ್ ಆಂಟಿಯ ಐದೂವರೆ ಗಂಟೆಯ ಕಾರ್ಟೂನ್

ಜೆ.ಪಿ. ನಗರದ ಹೊಸ ಕಾಫಿ ಅಂಗಡಿಯೊಂದರಲ್ಲಿ ಅಂದಕ್ಕೆಂದು ಹಳೇ ಕೆಂಪು ಲ್ಯಾಂಡ್‌ಲೈನ್ ಫೋನ್ ಇಟ್ಟಿದ್ದಾರೆ. ಮೊನ್ನೆ ಸುಮ್ಮನಿರಲಾರದೆ ರಿಸೀವರ್ ಎತ್ತಿ ಕಿವಿಗಿಟ್ಟೆ. ಏನೂ ಕೇಳಿಸಲಿಲ್ಲ. ನಮ್ಮ ಓನರ್ ಆಂಟಿ ನೆನಪಾಗಿ, ಕಾಫಿ ಆರುವವರೆಗೂ ಹಾಗೇ ಕೂತುಬಿಟ್ಟೆ...

ಎರಡು ಸಾವಿರದ ಇಸವಿಯ ಆಸುಪಾಸು. ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ನಾನಿನ್ನೂ ಹೈಸ್ಕೂಲು. ಸಂಜೆ ಐದೂವರೆಯಾದರೆ ಕೆಳಗಿಳಿದು, ಆಂಟಿಯ ಒಬ್ಬಳೇ ಮಗಳು, ನಾನು ಅಕ್ಕ ಎನ್ನುತ್ತಿದ್ದವಳ ಜೊತೆ ಟೀವಿ ಮುಂದೆ ಹಾಜರಾಗುತ್ತಿದ್ದೆ. ಜಪಾನಿನ ಕಾರ್ಟೂನ್, ಇಂಗ್ಲಿಷ್ ಮಾತು, ನೂರಾರು ಕಂತು, ಮುಗಿಯುವ ಲಕ್ಷಣವೇ ಇಲ್ಲ. ಮನೆ ಬಿಟ್ಟು ಹೊರಟ ಒಬ್ಬ ಹುಡುಗಿ, ದಾರಿಯಲ್ಲಿ ಸಿಕ್ಕ ಗೆಳೆಯರು, ದಾಟಬೇಕಾದ ಕಾಡು, ಸಮುದ್ರ. ಯಾರಾದರೂ ಹಿಂದೆ ಬಿದ್ದರೆ ಮಿಕ್ಕವರು ಕಾಯುತ್ತಿದ್ದರು. ಅಷ್ಟಕ್ಕೇ ನಾವಿಬ್ಬರೂ ಗೊಳೋ ಎನ್ನುತ್ತಿದ್ದೆವು. "ಗೊಂಬೆಗಳಿಗೆಲ್ಲ ಅಳ್ತೀರಲ್ಲೇ, ಬುದ್ಧಿ ಬೇಡ್ವಾ?" ಎಂದು ಬೈಯುತ್ತಲೇ ಆಂಟಿ ಬೋಂಡಾ ತಂದಿಡುತ್ತಿದ್ದರು.

ಆಮೇಲೆ ಅಕ್ಕ ಬೇರೆ ಜಾತಿಯ ಹುಡುಗನನ್ನು ಮದುವೆಯಾಗಿ ಹೊರಟುಹೋದಳು. ಅಂಕಲ್ ಕೂಗಾಡಲಿಲ್ಲ. ಆಂಟಿಯ ಕೈ ಹಿಡಿದು ತಮ್ಮ ತಲೆಯ ಮೇಲಿಟ್ಟುಕೊಂಡು, "ನನ್ನಾಣೆ. ಅವಳ ಹತ್ರ ಒಂದು ಮಾತಾಡಿದ್ರೂ ನನ್ನ ಹೆಣ ನೋಡ್ತೀಯ" ಅಂದರು. ಆಣೆ ಎಂದರೆ ಆಂಟಿಗೆ ಪ್ರಾಣಭಯ. ಗಂಡನಿಗೆ ಬಿಪಿ ಬೇರೆ.

ಮಾರನೇ ವಾರದಿಂದ ಐದೂವರೆಗೆ ಆಂಟಿಯೇ ಟೀವಿ ಹಾಕಿ ನನ್ನನ್ನು ಕೂಗತೊಡಗಿದರು. ಮೊದಲಿಂದ ಕಥೆ ಹೇಳಿಸಿಕೊಂಡರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆ ಹುಡುಗಿಯ ಕಣ್ಣು ತುಂಬಿದರೆ ಸಾಕು, ಸೆರಗು ಕಣ್ಣಿಗೇರುತ್ತಿತ್ತು.

ಒಂದು ಸಂಜೆ ಜಾಹೀರಾತು ಬಂದಾಗ ಫೋನ್ ರಿಂಗಾಯಿತು. ಆಂಟಿ ಎತ್ತಿದರು. ನಮ್ಮ ಟೀವಿಯಲ್ಲಿದ್ದ ಸೋಪಿನ ಹಾಡೇ ರಿಸೀವರಿನೊಳಗೂ ಕೇಳುತ್ತಿತ್ತು. ಅದರ ನಡುವೆ, "ಅಮ್ಮಾ..."

ಅಕ್ಕನ ದನಿ. ಆಂಟಿ ಮಾತಾಡುವಂತಿಲ್ಲ, ಇಡಲು ಮನಸ್ಸಿಲ್ಲ. ರಿಸೀವರನ್ನು ಕೈಯಲ್ಲೇ ಹಿಡಿದು, ನನ್ನ ಕಡೆ ತಿರುಗಿ ಜೋರಾಗಿ ಕೇಳಿದರು:

"ಅಲ್ಲ ಕಣೇ, ಆ ಕಾರ್ಟೂನ್ ಹುಡುಗಿ ಹೊತ್ತಿಗೆ ಸರಿಯಾಗಿ ಊಟ ಮಾಡ್ತಾಳಂತಾ?"

ನನಗೆ ಅರ್ಥವಾಯಿತು. "ಮಾಡ್ತಾಳೆ ಆಂಟಿ."

"ರಾತ್ರಿ ಹೊತ್ತು ತಲೆಗೆ ಸ್ನಾನ ಮಾಡ್ಬೇಡ ಅಂದ್ರೆ ಕೇಳಲ್ಲ ಅವ್ಳು."

ಅಂದಿನಿಂದ ಇದೇ ನಡೆಯಿತು. ಅಕ್ಕ ಫೋನಿನಲ್ಲಿ ಹೇಳುವುದು, ಆಂಟಿ ಕೇಳಿಸಿಕೊಂಡು ನನಗೆ ಉತ್ತರ ಕೊಡುವುದು. ಗೇಟು ಕಿರುಗುಟ್ಟಿದರೆ ಮಾತ್ರ ಆಂಟಿ ಥಟ್ಟನೆ ರಿಸೀವರ್ ಇಟ್ಟುಬಿಡುತ್ತಿದ್ದರು. ಅಂಕಲ್‌ಗೆ ಗೊತ್ತಾದರೆ ಫೋನೇ ಕಿತ್ತುಹಾಕಿಸುತ್ತಾರೆಂದು ಆಂಟಿ ಹೆದರಿದ್ದರು.

ಅಕ್ಕ ಬಸುರಿ ಎಂದು ತಿಳಿದ ದಿನ ಗೇಟಿನ ಸದ್ದು ನಮಗೆ ಕೇಳಿಸಲೇ ಇಲ್ಲ. "ಆ ಹುಡುಗಿ ಭಾರ ಎತ್ತಬಾರ್ದು ಕಣೇ, ಇನ್ನೂ ಮೂರು ತಿಂಗ್ಳು!" ಎಂದು ಆಂಟಿ ನನಗೆ ಹೇಳುತ್ತಿದ್ದಾಗ ಅಂಕಲ್ ಬಾಗಿಲಲ್ಲಿ ನಿಂತಿದ್ದರು.

"ಯಾರ ಹತ್ರ ಮಾತು?"

"ಇವಳ ಹತ್ರ. ಕಾರ್ಟೂನ್ ವಿಷ್ಯ."

ಅಂಕಲ್ ರಿಸೀವರ್ ಕಿತ್ತುಕೊಂಡು ಕಿವಿಗಿಟ್ಟರು. ಅಕ್ಕ ಏನು ಹೇಳುತ್ತಿದ್ದಳೋ... ಕೇಳುತ್ತಲೇ ನಿಂತರು. ಆಮೇಲೆ ರಿಸೀವರನ್ನು ಫೋನಿನ ಮೇಲಿಡದೆ ಸೋಫಾದ ಮೇಲಿಟ್ಟರು. "ಟೀವಿ ಸೌಂಡ್ ಕಮ್ಮಿ ಮಾಡಿ. ಫೋನಲ್ಲಿ ಏನೂ ಕೇಳ್ಸಲ್ಲ" ಎಂದು ಒಳಗೆ ಹೋದರು.

ಆದರೆ ಆಣೆಯನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಆಂಟಿ ಕೇಳಲೂ ಇಲ್ಲ. ಮೊಮ್ಮಗುವಿಗೆ ಎಣ್ಣೆ ಹಚ್ಚುವುದನ್ನೂ ರಿಸೀವರ್ ಹಿಡಿದುಕೊಂಡು ನನಗೇ ಹೇಳಿಕೊಟ್ಟರು.

ಒಂದು ಬೆಳಿಗ್ಗೆ ಆಂಟಿ ಇದ್ದಕ್ಕಿದ್ದಂತೆ ಹೋಗಿಬಿಟ್ಟರು. ಅಕ್ಕ ಮಗುವನ್ನೆತ್ತಿಕೊಂಡು ಬಂದಳು. ಅಮ್ಮನ ತಲೆಯ ಹತ್ತಿರ ಕೂತು ನನ್ನ ಕೈ ಹಿಡಿದುಕೊಂಡಳು.

"ಎಲ್ಲಾ ಕೇಳಿಸ್ತಿತ್ತು ಕಣೇ. ಊಟ, ಸ್ನಾನ, ಎಲ್ಲಾ. ಆದ್ರೂ ದಿನಾ ಕಾಯ್ತಿದ್ದೆ, ಅಮ್ಮ ಒಂದ್ಸಲ ನನ್ನ ಹೆಸರು ಹಿಡ್ದು ಕರೀತಾಳೇನೋ ಅಂತ."

ಆ ಮನೆ ಈಗಿಲ್ಲ, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ನಾನೋ, ಕೆಲಸವಿಲ್ಲದಿದ್ದರೂ ನನ್ನ ಮಗಳನ್ನು ಹೆಸರು ಹಿಡಿದು ಕೂಗುತ್ತಿರುತ್ತೇನೆ. "ಏನಮ್ಮಾ, ಸುಮ್‌ಸುಮ್ನೆ!" ಎಂದು ಅವಳು ರೂಮಿನಿಂದಲೇ ರೇಗುತ್ತಾಳೆ. ಏನಿಲ್ಲ ಬಿಡು, ಎನ್ನುತ್ತೇನೆ.