ಎಲ್ಲರೂ ನೆಲಕ್ಕೆ ಕೂತು ಆಡಿದ ಆಟ

ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಇವತ್ತು ಮಕ್ಕಳ ಆಟಕ್ಕೆಂದು ಸುಣ್ಣದ ಗೆರೆ ಎಳೆಯುತ್ತಿದ್ದರು. ಆ ವಾಸನೆಗೆ, ಹತ್ತಿರದ ಕಳವಾ ಊರಿನಲ್ಲಿದ್ದ ನಮ್ಮ ಕನ್ನಡ ಶಾಲೆಯ ಪುಟ್ಟ ಅಂಗಳ ನೆನಪಾಯಿತು.

ಹುಟ್ಟಿನಿಂದಲೇ ನನ್ನ ಎಡಗಾಲು ಸೊಟ್ಟ. ಬಿದ್ದುಬಿಡುತ್ತೇನೆಂಬ ಭಯಕ್ಕೆ ಅಮ್ಮ, ನನ್ನನ್ನು ಆಡಿಸಬೇಡಿ ಎಂದು ಶಾಲೆಯಲ್ಲಿ ಹೇಳಿಟ್ಟಿದ್ದಳು. ಪಿ.ಟಿ. ಪಿರಿಯಡ್ಡಿನಲ್ಲಿ ನಾನು ಎಲ್ಲರ ಚಪ್ಪಲಿ ಕಾಯುತ್ತಿದ್ದೆ.

ಎರಡನೇ ಕ್ಲಾಸಿನಲ್ಲಿ ಧಾರವಾಡದ ಕಡೆಯ ಶೈಲಾ ಟೀಚರ್ ಬಂದರು. "ನೀ ಯಾಕ ಇಲ್ಲಿ ಕುಂತಿ?" ಎಂದು ಕೇಳಿದರು.

"ನಂಗೆ ಓಡ್ಲಿಕ್ಕೆ ಆಗುದಿಲ್ಲ ಟೀಚರ್."

ಅವರು ಸ್ವಲ್ಪ ಯೋಚಿಸಿ ಸೀಟಿ ಊದಿದರು. "ಇವತ್ತ ಯಾರೂ ಓಡಂಗಿಲ್ಲ. ಎಲ್ಲಾರೂ ನೆಲಕ್ಕ ಕೂಡ್ರಿ. ಕೂತಲ್ಲೇ ಜರಗಿ ಚೆಂಡು ಹಿಡೀರಿ." ಸೆರಗು ಸಿಕ್ಕಿಸಿ ತಾವೂ ಕೂತರು.

ಗೋಡೆ, ಕಂಬ ಹಿಡಿದು ನಡೆದೂ ನಡೆದೂ ನನ್ನ ತೋಳುಗಳು ಗಟ್ಟಿಯಾಗಿದ್ದವು. ಕ್ಲಾಸಿನಲ್ಲೇ ಎಲ್ಲರಿಗಿಂತ ಜೋರಾಗಿ ಓಡುವ ಗಣೇಶನ ಕೈಯಿಂದ ಚೆಂಡು ಕಿತ್ತುಕೊಂಡೆ. "ಟೀಚರ್, ಇವಳನ್ನ ನಮ್ಮ ಟೀಮಿಗೆ ಕೊಡಿ!" ಎಂದು ಅವನು ಕೂಗಿದ.

ನನ್ನನ್ನು ಕರೆದೊಯ್ಯಲು ಬಂದ ಅಮ್ಮ, ನಾನು ನೆಲದ ಮೇಲಿದ್ದುದನ್ನು ಕಂಡು ಓಡಿ ಬಂದಳು. "ಬಿದ್ದಳಾ ಟೀಚರ್? ನಾನು ಮೊದಲೇ ಹೇಳಿದ್ದೆ ಅಲ್ವಾ?"

"ಬಿದ್ದಿಲ್ರೀ. ಆಡಾಕತ್ತಾಳ, ನೋಡ್ರಿ."

ಅಮ್ಮ ಬೈಯಲಿಲ್ಲ. ಆಟ ಮುಗಿಯುವವರೆಗೂ ಗೇಟಿನ ಬಳಿ ನಿಂತು ನೋಡಿದಳು. ಸಂಜೆ ನಾವಿದ್ದ ಚಾಳಿನ ಸಾಲುಮನೆಗಳ ನಲ್ಲಿಯ ಬಳಿ, ಮಣ್ಣಾದ ನನ್ನ ಸ್ಕರ್ಟು ಉಜ್ಜುತ್ತಾ, ಪಕ್ಕದ ಮನೆಯ ಕಾಕೂಗೆ, "ದೇಖೋ, ಖೇಲ್‌ಕೇ ಆಯೀ ಹೈ ಹಮಾರೀ ಲಡ್ಕೀ" ಎಂದು, ನಮ್ಮ ಹುಡುಗಿ ಆಡಿ ಬಂದಿದ್ದಾಳೆ ನೋಡಿ ಎಂದು, ಹೇಳುತ್ತಲೇ ಇದ್ದಳು.

ಕೆಳಗಿನಿಂದ ಮಗಳು ಕೂಗುತ್ತಿದ್ದಾಳೆ: "ಮಮ್ಮಾ, ಏಕ್ ಪ್ಲೇಯರ್ ಕಮ್ ಹೈ, ಆಜಾ ನಾ!"

ಆಟಕ್ಕೆ ಒಬ್ಬರು ಕಡಿಮೆಯಂತೆ; ಬರೆಯುವುದನ್ನು ಇಲ್ಲಿಗೇ ಬಿಟ್ಟು ಇಳಿದು ಹೋಗುತ್ತಿದ್ದೇನೆ.