ನಡುವಿನ ಹಾಳೆಯ ದಿಗಿಲು

ಪುಸ್ತಕ ಕಂಡು ನನ್ನ ಕೈಕಾಲು ತಣ್ಣಗಾದದ್ದು ಒಮ್ಮೆ ಮಾತ್ರ. ಆಗ ನಾನು ವಿದ್ಯಾರ್ಥಿಯಲ್ಲ, ಗಂಗಾವತಿಯ ಕಾಲೇಜೊಂದರಲ್ಲಿ ಗಣಿತದ ಮೇಷ್ಟ್ರು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕಾಲೇಜಿಗೆ ಬಂದ ಕಂಪ್ಯೂಟರಿಗೆ ಮಾಲೆ ಹಾಕಿ, ಕಾಯಿ ಒಡೆದ ಮೇಲೆ ಪ್ರಾಚಾರ್ಯರು ನನ್ನ ಕಡೆ ತಿರುಗಿದರು.

"ಸೋಮವಾರದಿಂದ ಡೇಟಾಬೇಸ್ ಪಾಠ ನೀವಽ ಮಾಡ್ರಿ. ಗಣಿತದವ್ರು ಅದೀರಿ, ನಿಮಗೇನು ಭಾಳ ಆಗೂದಿಲ್ಲ."

ಭಾಳವೇ ಆಯಿತು. ಡೇಟಾಬೇಸ್ ಎಂದರೆ ರಾಶಿ ಮಾಹಿತಿಯನ್ನು ಕೇಳಿದ ಕೂಡಲೇ ಸಿಗುವಂತೆ ಜೋಡಿಸಿಡುವ ವಿದ್ಯೆ ಎಂಬುದಷ್ಟೇ ನನಗೆ ಗೊತ್ತಿತ್ತು. ಹುಬ್ಬಳ್ಳಿಯ ಪರಿಚಯದ ಅಂಗಡಿಯವರು ಮೂರು ಪುಸ್ತಕಗಳನ್ನು ಬಸ್ಸಿಗೆ ಹಾಕಿ ಕಳಿಸಿದರು. ಒಂದನ್ನು ಇಟ್ಟುಕೊಂಡು ಉಳಿದೆರಡನ್ನು ಮರುದಿನದ ಬಸ್ಸಿಗೆ ಹಿಂತಿರುಗಿಸಬೇಕು.

ಆರಿಸುವುದು ಹೇಗೆ? ನಾನು ಅಕ್ಕಿಯ ಊರಿನವನು. ನಮ್ಮಲ್ಲಿ ಚೀಲದ ಮೇಲಿನ ಕಾಳು ನೋಡಿ ಕೊಳ್ಳುವವನು ದಡ್ಡ. ಚೂಪು ಕೊಳವೆಯನ್ನು ನಡುವಿಗೆ ಚುಚ್ಚಿ ಕಾಳು ತೆಗೆದು ನೋಡುವವನು ಜಾಣ. ನಾನೂ ಜಾಣನಾಗಿ ಮೂರೂ ಪುಸ್ತಕಗಳನ್ನು ನಟ್ಟನಡುವೆ ತೆರೆದೆ. ಒಂದರಲ್ಲಿ ಬರೀ ಬಾಣಗಳು, ಇನ್ನೊಂದರಲ್ಲಿ ಕೋಷ್ಟಕ ಒಡೆದು ಮಾಡಿದ ಕೋಷ್ಟಕಗಳು. ಮೂರನೆಯದು ಇಂಗ್ಲಿಷಿನಲ್ಲಿದೆ ಎಂಬುದಷ್ಟೇ ತಿಳಿಯಿತು. ಹುಡುಗರೆಲ್ಲ ನಕ್ಕಂತೆ ಈಗಲೇ ಕೇಳಿಸತೊಡಗಿತು. ಮೂರನ್ನೂ ಕಟ್ಟಿಟ್ಟು ರಜೆಯ ಅರ್ಜಿ ಬರೆಯಲು ಕುಳಿತೆ.

ನನ್ನ ಹೆಂಡತಿ ಶಾಂತಾ ಕಾರಣ ಕೇಳಿದಳು, ಹೇಳಿದೆ.

"ಏನ್ರೀ, ನಡುವಿನ ಹಾಳಿ ಇವತ್ತಽ ತಿಳಿಯೂ ಹಂಗಿದ್ರ ಪುಸ್ತಕ ಯಾಕ ಬೇಕಿತ್ರಿ? ಮೊದಲ್ನೇ ಹಾಳಿ ಓದ್ರಿ. ಅದು ತಿಳಿದ್ರ ಎರಡನೇದು ಓದ್ರಿ."

ಹೌದಲ್ಲ! ಚೀಲದ ನಡುವಿನ ಕಾಳಿಗೆ ಮೇಲಿನ ಕಾಳಿನ ಹಂಗಿಲ್ಲ. ಪುಸ್ತಕದಲ್ಲಿ ನಲವತ್ತನೆಯ ಪುಟ ನಿಂತಿರುವುದು ಮೂವತ್ತೊಂಬತ್ತರ ಹೆಗಲ ಮೇಲೆ. ಗಣಿತದ ಜೊತೆ ಸ್ಯಾಂಪಲ್ ತೆಗೆಯುವ ಸಂಖ್ಯಾಶಾಸ್ತ್ರವನ್ನೂ ಕಲಿಸುವವನಿಗೆ ಇಷ್ಟೂ ಹೊಳೆದಿರಲಿಲ್ಲ. ಮೊದಲಿನಿಂದ ಓದಹೊರಟಾಗ ಎರಡು ಪುಸ್ತಕಗಳು ಬಾಗಿಲಲ್ಲೇ ತಡೆದವು. ಬಾಣಗಳ ಪುಸ್ತಕ ಮಾತ್ರ ಗ್ರಂಥಾಲಯದ ಉದಾಹರಣೆ ಹಿಡಿದು ಮೆಲ್ಲಗೆ ಒಳಗೆ ಕರೆದುಕೊಂಡಿತು. ಅದನ್ನೇ ಇಟ್ಟುಕೊಂಡೆ.

ಸೋಮವಾರ ತರಗತಿಗೆ ಹೋದೆ. ಓದಿದ್ದು ಎರಡೇ ಅಧ್ಯಾಯ. ಗ್ರಂಥಾಲಯದ ಪುಸ್ತಕಗಳಿಗೊಂದು, ಓದುಗರಿಗೊಂದು ಕೋಷ್ಟಕವನ್ನು ಹಲಗೆಯ ಮೇಲೆ ಬರೆದೆ. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ಎಲ್ಲಾ ಒಂದಽ ಕೋಷ್ಟಕದಾಗ ಬರದ್ರ ಏನಾಗ್ತೈತ್ರಿ? ಎರಡು ಯಾಕ ಬೇಕು?"

ಹಿಂದಿನ ದಿನ ನಾನೂ ಅಲ್ಲೇ ಮುಗ್ಗರಿಸಿದ್ದೆ. ಹೇಗೆ ಬಿದ್ದೆ, ಹೇಗೆ ಎದ್ದೆ ಎಂಬುದನ್ನೇ ಹೇಳಿದೆ. ಅವಳು ತಲೆಯಾಡಿಸಿ ಕುಳಿತಳು. ತಿಳಿಯದಿರುವುದು ಹೇಗಿರುತ್ತದೆಂಬ ನೆನಪು ನನ್ನಲ್ಲಿನ್ನೂ ಹಸಿಯಾಗಿತ್ತು, ಅಷ್ಟೇ.

ವರ್ಷದ ಕೊನೆಗೆ ಹುಡುಗರು ಬಂದು, "ಸರ್, ನಿಮ್ಮ ಡೇಟಾಬೇಸ್ ಪಾಠ ಭಾಳ ಛಲೋ ತಿಳೀತ್ರಿ" ಎಂದರು. ಹಿಗ್ಗಿದೆ. ಮನೆ ಮುಟ್ಟುವಷ್ಟರಲ್ಲಿ ಹೊಸ ದಿಗಿಲು ಹತ್ತಿತ್ತು: ಅಷ್ಟು ವರ್ಷ ಕಲಿಸಿದ ಗಣಿತದ ಬಗ್ಗೆ ಯಾರೊಬ್ಬರೂ ಹಾಗೆಂದಿರಲಿಲ್ಲ.